ಶ್ವಾಸಕೋಶದ ಎರಡು ಬಾಗಿಲುಗಳು

ಶ್ವಾಸಕೋಶದ ಚಿತ್ರ ಬರೆಯಿರಿ ಎಂದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಹೇಳಿ ನೋಡಿ. ಮೂಗು, ಗಂಟಲು, ಶ್ವಾಸನಾಳ, ಅದರ ಎರಡು ಕವಲುಗಳು, ಕವಲುಗಳ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತಹ ಗಾಳಿಗೂಡುಗಳು - ಇಷ್ಟನ್ನು ಬಹುಪಾಲು ಮಕ್ಕಳು ಸರಿಯಾಗಿಯೇ ಬರೆಯುತ್ತಾರೆ. ಆದರೆ ಅದೇ ಶ್ವಾಸಕೋಶವನ್ನು ಹೊಗುವ ಮತ್ತು ಹೊರಬರುವ ರಕ್ತನಾಳಗಳನ್ನು ಬರೆಯುವವರು ಕಡಿಮೆ. ಗಾಳಿಯ ದಾರಿ ಚಿತ್ರದಲ್ಲಿರುತ್ತದೆ, ರಕ್ತದ ದಾರಿ ಇರುವುದಿಲ್ಲ. ಅಂದರೆ ಅದು ಅರ್ಧ ಚಿತ್ರ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಕ್ಕಳಿಗಂತೂ ಈ ಅರ್ಧ ಚಿತ್ರ ಸಾಲದು. ಏಕೆಂದರೆ ಆ ಸೀಮೆಯ ಕಾಡಿನಲ್ಲಿ ಒಂದು ರೋಗವಿದೆ. ಅದು ಉಸಿರಿನೊಂದಿಗೆ ಒಳಗೆ ಬರುವುದಿಲ್ಲ. ಉಣುಗು ಕಚ್ಚಿದಾಗ ಚರ್ಮದ ಮೂಲಕ ಬರುತ್ತದೆ. ಆದರೂ ರೋಗ ಉಲ್ಬಣಿಸಿದಾಗ ಅದು ಹಾನಿ ಮಾಡುವ ಅಂಗಗಳಲ್ಲಿ ಶ್ವಾಸಕೋಶವೂ ಒಂದು. ಕಾಲಿಗೆ ಕಚ್ಚಿದ ಉಣುಗಿಗೂ ಎದೆಯೊಳಗಿನ ಗಾಳಿಗೂಡಿಗೂ ಏನು ಸಂಬಂಧ? ಈ ಪ್ರಶ್ನೆಗೆ ಉತ್ತರ ಅಂಗರಚನೆಯಲ್ಲಿದೆ. ಆ ಅಂಗರಚನೆ ಮನುಷ್ಯನಿಗೆ ತಿಳಿದು ಬಂದ ಕಥೆ ಬಹಳ ಉದ್ದವಾದದ್ದು. ಅದರ ಒಂದು ಅಧ್ಯಾಯ ನಮ್ಮ ಮಲೆನಾಡಿನಲ್ಲಿ ನಡೆಯಿತು.

ಗಾಳಿಯ ದಾರಿ

ಮೊದಲು ಪರಿಚಿತ ದಾರಿಯಲ್ಲೇ ಹೋಗೋಣ. ಎದೆಗೂಡಿನ ಎರಡು ಬದಿಗಳಲ್ಲಿ ಎರಡು ಶ್ವಾಸಕೋಶಗಳಿವೆ. ಬಲಗಡೆಯದರಲ್ಲಿ ಮೂರು ಹಾಲೆಗಳು, ಎಡಗಡೆಯದರಲ್ಲಿ ಎರಡು. ಹೃದಯ ಎಡಕ್ಕೆ ವಾಲಿಕೊಂಡಿರುವುದರಿಂದ ಎಡ ಶ್ವಾಸಕೋಶಕ್ಕೆ ಜಾಗ ಸ್ವಲ್ಪ ಕಡಿಮೆ. ಎರಡನ್ನೂ ಪ್ಲೂರಾ ಎಂಬ ಎರಡು ಪದರದ ನುಣುಪಾದ ಪೊರೆ ಸುತ್ತಿಕೊಂಡಿದೆ. ಪದರಗಳ ನಡುವೆ ತೆಳುವಾದ ದ್ರವವಿದ್ದು ಶ್ವಾಸಕೋಶ ಹಿಗ್ಗಿ ಕುಗ್ಗುವಾಗ ಉಜ್ಜಾಟವಾಗದಂತೆ ನೋಡಿಕೊಳ್ಳುತ್ತದೆ. ಕೆಳಗೆ ವಪೆ ಎಂಬ ಸ್ನಾಯುವಿನ ಹಾಸು ಇದೆ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯಿಲ್ಲ. ವಪೆ ಕೆಳಗಿಳಿದು ಪಕ್ಕೆಲುಬುಗಳು ಮೇಲೆದ್ದಾಗ ಎದೆಗೂಡು ದೊಡ್ಡದಾಗುತ್ತದೆ, ಗಾಳಿ ಒಳಗೆ ನುಗ್ಗುತ್ತದೆ.

ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದದ ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ. ಬಲಗವಲು ಎಡಗವಲಿಗಿಂತ ಅಗಲ ಮತ್ತು ಹೆಚ್ಚು ನೇರ. ಮಕ್ಕಳು ಕಡಲೆಕಾಳನ್ನು ಗಂಟಲಿಗೆ ಸಿಕ್ಕಿಸಿಕೊಂಡರೆ ಅದು ಹೆಚ್ಚಾಗಿ ಬಲಗಡೆಗೇ ಜಾರುವುದು ಇದರಿಂದಲೇ. ಪ್ರತಿ ಕವಲೂ ಮತ್ತೆ ಎರಡಾಗುತ್ತದೆ, ಅದು ಮತ್ತೆರಡಾಗುತ್ತದೆ. ಹೀಗೆ ಸುಮಾರು 23 ಬಾರಿ ಕವಲೊಡೆದ ಮೇಲೆ ಗಾಳಿಗೂಡುಗಳು ಬರುತ್ತವೆ. ಇವಕ್ಕೆ ಆಲ್ವಿಯೋಲಸ್‌ಗಳೆಂದು ಹೆಸರು. ಒಂದೊಂದರ ಅಡ್ಡಳತೆ ಮಿಲಿಮೀಟರಿನ ಕಾಲುಭಾಗದಷ್ಟು.

ರಕ್ತದ ದಾರಿ ಕಂಡದ್ದು ಹೇಗೆ?

ಗಾಳಿಯ ದಾರಿ ಕಣ್ಣಿಗೆ ಕಾಣುವಂಥದು. ಕುರಿಯ ಶ್ವಾಸಕೋಶವನ್ನು ಕೊಯ್ದು ನೋಡಿದರೂ ಕಂಡೀತು. ರಕ್ತದ ದಾರಿ ಹಾಗಲ್ಲ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್, ಹೃದಯದ ಬಲಭಾಗದ ರಕ್ತ ನಡುಗೋಡೆಯಲ್ಲಿರುವ ಕಾಣದ ರಂಧ್ರಗಳ ಮೂಲಕ ಎಡಭಾಗಕ್ಕೆ ಜಿನುಗುತ್ತದೆ ಎಂದು ಹೇಳಿದ್ದ. ಆ ಮಾತು ಸಾವಿರ ವರ್ಷಕ್ಕೂ ಮಿಕ್ಕಿ ಪ್ರಶ್ನೆಯಿಲ್ಲದೆ ನಡೆಯಿತು.

ಅದನ್ನು ಪ್ರಶ್ನಿಸಿದವನು ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯನಾಗಿದ್ದ ಇಬ್ನ್ ಅಲ್ ನಫೀಸ್. ಹೃದಯದ ನಡುಗೋಡೆ ಗಟ್ಟಿಯಾಗಿದೆ, ಅದರಲ್ಲಿ ರಂಧ್ರಗಳಿಲ್ಲ, ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿ ಅಲ್ಲಿ ಗಾಳಿಯೊಂದಿಗೆ ಕೂಡಿ ಎಡಭಾಗಕ್ಕೆ ಬರಲೇಬೇಕು ಎಂದು ಆತ 13ನೆಯ ಶತಮಾನದಲ್ಲಿಯೇ ಬರೆದಿಟ್ಟ. ಆತನ ಹಸ್ತಪ್ರತಿ ಬರ್ಲಿನ್ನಿನ ಗ್ರಂಥಾಲಯದಲ್ಲಿರುವುದು ವಿದ್ವಾಂಸರ ಗಮನಕ್ಕೆ ಬಂದದ್ದು 1924ರಲ್ಲಿ. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತ ಇಡೀ ದೇಹದಲ್ಲಿ ಸುತ್ತುತ್ತದೆ ಎಂದು ತೋರಿಸಿದ. ಆದರೆ ಧಮನಿಯ ತುದಿಯಿಂದ ಅಭಿಧಮನಿಯ ಮೊದಲಿಗೆ ರಕ್ತ ದಾಟುವುದು ಹೇಗೆಂಬುದನ್ನು ಆತನಿಗೆ ತೋರಿಸಲಾಗಲಿಲ್ಲ. ಆತನ ಬಳಿ ಅದಕ್ಕೆ ತಕ್ಕ ಸೂಕ್ಷ್ಮದರ್ಶಕವಿರಲಿಲ್ಲ.

ಹಾರ್ವೆ ತೀರಿಕೊಂಡ ನಾಲ್ಕು ವರ್ಷಗಳ ನಂತರ, 1661ರಲ್ಲಿ, ಇಟಲಿಯ ಮಾರ್ಸೆಲೋ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟ. ಕಪ್ಪೆಯ ಶ್ವಾಸಕೋಶ ಸರಳವಾದ ಚೀಲ. ಅದರ ಗೋಡೆ ಪಾರದರ್ಶಕ. ಆ ಗೋಡೆಯಲ್ಲಿ ಬಲೆಯಂತೆ ಹರಡಿದ ಅತಿ ಸಣ್ಣ ನಾಳಗಳು ಆತನಿಗೆ ಕಂಡವು. ಇವೇ ಲೋಮನಾಳಗಳು. ರಕ್ತ ಎಲ್ಲಿಯೂ ಮಾಂಸದೊಳಗೆ ಚೆಲ್ಲಿ ಹೋಗುವುದಿಲ್ಲ, ನಾಳದೊಳಗೇ ಇದ್ದು ದಾಟುತ್ತದೆ ಎಂಬುದು ಸ್ಪಷ್ಟವಾಯಿತು. ಲೋಮನಾಳ ಮನುಷ್ಯನ ಕಣ್ಣಿಗೆ ಮೊದಲು ಬಿದ್ದದ್ದೇ ಶ್ವಾಸಕೋಶದಲ್ಲಿ ಎಂಬುದನ್ನು ಇಲ್ಲಿ ಗಮನಿಸಬೇಕು.

ಈಗ ಚಿತ್ರದ ಉಳಿದರ್ಧವನ್ನು ಪೂರ್ತಿ ಮಾಡೋಣ. ದೇಹದ ಎಲ್ಲ ಭಾಗಗಳಿಂದ ಬಂದ ರಕ್ತ ಹೃದಯದ ಬಲ ಹೃತ್ಕರ್ಣವನ್ನು, ಅಲ್ಲಿಂದ ಬಲ ಹೃತ್ಕುಕ್ಷಿಯನ್ನು ಸೇರುತ್ತದೆ. ಬಲ ಹೃತ್ಕುಕ್ಷಿ ಅದನ್ನು ಪುಪ್ಪುಸ ಧಮನಿಯ ಮೂಲಕ ಶ್ವಾಸಕೋಶಗಳಿಗೆ ತಳ್ಳುತ್ತದೆ. ಗಾಳಿಗೂಡುಗಳ ಸುತ್ತಲಿನ ಲೋಮನಾಳಗಳ ಬಲೆಯನ್ನು ಹಾದು ಅದು ಪುಪ್ಪುಸ ಅಭಿಧಮನಿಗಳ ಮೂಲಕ ಎಡ ಹೃತ್ಕರ್ಣಕ್ಕೆ ಮರಳುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೀಗೆ ಶ್ವಾಸಕೋಶದ ಮೂಲಕ ಹಾಯಿಸುತ್ತದೆ. ಅಂದರೆ ಮೂತ್ರಪಿಂಡಕ್ಕೆ ಸ್ವಲ್ಪ ರಕ್ತ, ಯಕೃತ್ತಿಗೆ ಸ್ವಲ್ಪ ರಕ್ತ ಎಂಬಂತೆ ಶ್ವಾಸಕೋಶಕ್ಕೆ ಪಾಲು ಹೋಗುವುದಲ್ಲ. ಇಡೀ ರಕ್ತವೇ ಅಲ್ಲಿ ಹಾದು ಹೋಗಬೇಕು. ಕಾಲಿನಲ್ಲಿ, ಕೈಯಲ್ಲಿ ರಕ್ತಕ್ಕೆ ಏನೇ ಸೇರಿದರೂ ಅದು ಹೃದಯವನ್ನು ಮುಟ್ಟಿದ ಮೇಲೆ ಎದುರಾಗುವ ಮೊದಲ ಲೋಮನಾಳದ ಬಲೆ ಶ್ವಾಸಕೋಶದ್ದೇ. ಇದೇ ಶ್ವಾಸಕೋಶದ ಎರಡನೆಯ ಬಾಗಿಲು.

ಗೋಡೆ ಎಷ್ಟು ತೆಳು?

ಒಂದು ಬದಿಯಲ್ಲಿ ಗಾಳಿ, ಇನ್ನೊಂದು ಬದಿಯಲ್ಲಿ ರಕ್ತ. ನಡುವೆ ಇರುವ ಗೋಡೆ ಎಂತಹುದು? ಗಾಳಿಗೂಡಿಗೆ ತನ್ನದೇ ಜೀವಕೋಶಗಳ ಒಳಪದರವಿದೆಯೇ ಅಥವಾ ಲೋಮನಾಳಗಳು ಬೆತ್ತಲೆಯಾಗಿ ಗಾಳಿಗೆ ತೆರೆದುಕೊಂಡಿವೆಯೇ ಎಂಬ ವಿವಾದ ದೀರ್ಘಕಾಲ ನಡೆಯಿತು. ಸಾಮಾನ್ಯ ಸೂಕ್ಷ್ಮದರ್ಶಕ 0.2 ಮೈಕ್ರಾನ್‌ಗಿಂತ ಕಿರಿದಾದುದನ್ನು ಬಿಡಿಸಿ ತೋರಿಸಲಾರದು. ಗೋಡೆಯ ಪದರಗಳು ಆ ಮಿತಿಯ ಆಸುಪಾಸಿನಲ್ಲೇ ಇದ್ದವು. 1952-53ರಲ್ಲಿ ಅಮೆರಿಕದ ಫ್ರಾಂಕ್ ಲೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಉತ್ತರ ಕಂಡುಕೊಂಡ. ಗಾಳಿಗೂಡಿನ ಒಳಮೈಯನ್ನು ಎಲ್ಲಿಯೂ ಬಿರುಕಿಲ್ಲದಂತೆ ಅತಿ ತೆಳುವಾದ ಜೀವಕೋಶಗಳ ಪದರವೊಂದು ಹೊದ್ದುಕೊಂಡಿದೆ.

ಹೀಗೆ ಗೋಡೆಯಲ್ಲಿ ಮೂರು ಪದರಗಳು: ಗಾಳಿಗೂಡಿನ ಚಪ್ಪಟೆ ಜೀವಕೋಶ, ನಡುವಿನ ಆಧಾರ ಪೊರೆ, ಲೋಮನಾಳದ ಜೀವಕೋಶ. ಮೂರೂ ಸೇರಿ ತೀರ ತೆಳುವಾದ ಕಡೆ 0.2ರಿಂದ 0.3 ಮೈಕ್ರಾನ್. ತಲೆಗೂದಲಿನ ದಪ್ಪ 70 ಮೈಕ್ರಾನ್ ಎಂದಿಟ್ಟುಕೊಂಡರೆ ಈ ಗೋಡೆ ಅದರ ಇನ್ನೂರರಲ್ಲಿ ಒಂದು ಪಾಲಿಗಿಂತಲೂ ತೆಳು.

ಸ್ವಿಟ್ಜರ್ಲೆಂಡಿನ ಎವಾಲ್ಡ್ ವೈಬೆಲ್ ಗಾಳಿಗೂಡುಗಳನ್ನು ಎಣಿಸುವ ಕ್ರಮವನ್ನು ರೂಪಿಸಿ 1960ರ ದಶಕದ ಆರಂಭದಲ್ಲಿ ಅವುಗಳ ಸಂಖ್ಯೆ ಸುಮಾರು 30 ಕೋಟಿ ಎಂದು ತಿಳಿಸಿದ. 2004ರಲ್ಲಿ ಇನ್ನೂ ಸುಧಾರಿತ ವಿಧಾನದಿಂದ ಎಣಿಸಿದಾಗ ಸರಾಸರಿ 48 ಕೋಟಿ ಎಂದು ಬಂತು. ಇವೆಲ್ಲವನ್ನೂ ಬಿಡಿಸಿ ಹಾಸಿದರೆ, ಅಳೆಯುವ ವಿಧಾನಕ್ಕೆ ತಕ್ಕಂತೆ, 70ರಿಂದ 140 ಚದರ ಮೀಟರ್ ಆಗುತ್ತದೆ. ಅಡಿಕೆ ಹರಗುವ ಒಂದು ಅಂಗಳದಷ್ಟು ಜಾಗ ನಮ್ಮ ಎದೆಯೊಳಗೆ ಮಡಚಿಕೊಂಡಿದೆ.

ಇಷ್ಟು ತೆಳುವಾದ ಗೋಡೆಯ ಮೂಲಕ ರಕ್ತದ ನೀರು ಗಾಳಿಗೂಡಿಗೆ ಏಕೆ ನುಗ್ಗುವುದಿಲ್ಲ? ಇದಕ್ಕೆ ಕಾರಣಗಳು ಮೂರು. ಮೊದಲನೆಯದು, ಪುಪ್ಪುಸ ಧಮನಿಯ ಸರಾಸರಿ ಒತ್ತಡ ಬಹಳ ಕಡಿಮೆ, ಪಾದರಸದ ಸುಮಾರು 15 ಮಿಲಿಮೀಟರ್. ದೇಹದ ಉಳಿದೆಡೆಯ ಧಮನಿಗಳಲ್ಲಿ ಅದು 90ರ ಆಸುಪಾಸು. ಎರಡನೆಯದು, 1896ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ವಿವರಿಸಿದಂತೆ, ರಕ್ತದಲ್ಲಿರುವ ಪ್ರೋಟೀನುಗಳು ನೀರನ್ನು ನಾಳದೊಳಗೆ ಹಿಡಿದಿಡುತ್ತವೆ. ಮೂರನೆಯದು, ಅಷ್ಟಿಷ್ಟು ಜಿನುಗಿದ ನೀರನ್ನು ದುಗ್ಧನಾಳಗಳು ಸಾಗಿಸುತ್ತವೆ. ಅಡಿಕೆ ತೋಟದ ಸಾಲುಗಳ ನಡುವೆ ತೋಡಿದ ಬಸಿಗಾಲುವೆಗಳನ್ನು ನೆನೆಸಿಕೊಳ್ಳಿ. ಮಳೆನೀರು ಇಳಿಯುತ್ತಲೇ ಇರುತ್ತದೆ, ಕಾಲುವೆ ಬಸಿಯುತ್ತಲೇ ಇರುತ್ತದೆ. ಬಸಿಯುವುದಕ್ಕಿಂತ ಹೆಚ್ಚು ನೀರು ಬಂದರೆ ಮಾತ್ರ ಬೇರು ಉಸಿರುಗಟ್ಟುತ್ತದೆ. ಶ್ವಾಸಕೋಶದ ಕಥೆಯೂ ಇದೇ.

ಇನ್ನೊಂದು ಸಂಗತಿಯೂ ಇದೆ. 1955ರಲ್ಲಿ ಇಂಗ್ಲೆಂಡಿನ ಪ್ಯಾಟಲ್ ನೀರು ತುಂಬಿದ ಶ್ವಾಸಕೋಶದಿಂದ ಬರುವ ನೊರೆಯ ಗುಳ್ಳೆಗಳು ಬೇಗ ಒಡೆಯದಿರುವುದನ್ನು ಗಮನಿಸಿದ. ಗಾಳಿಗೂಡಿನ ಒಳಮೈಯಲ್ಲಿ ಸಾಬೂನಿನಂತೆ ಮೇಲ್ಮೈ ಎಳೆತವನ್ನು ತಗ್ಗಿಸುವ ವಸ್ತುವೊಂದು ಇರಬೇಕೆಂದು ಆತ ಊಹಿಸಿದ. 1957ರಲ್ಲಿ ಅಮೆರಿಕದ ಜಾನ್ ಕ್ಲೆಮೆಂಟ್ಸ್ ಅದನ್ನು ಅಳತೆ ಮಾಡಿ ತೋರಿಸಿದ. ಸರ್ಫ್ಯಾಕ್ಟೆಂಟ್ ಎಂಬ ಈ ವಸ್ತು ಇಲ್ಲದಿದ್ದರೆ ಸಣ್ಣ ಗಾಳಿಗೂಡುಗಳು ಪ್ರತಿ ಉಸಿರಿಗೂ ಮುದುಡಿ ಹೋಗುತ್ತಿದ್ದವು. ಗಾಳಿಗೂಡಿಗೆ ರಕ್ತದ ದ್ರವ ನುಗ್ಗಿದಾಗ ಈ ಲೇಪವೂ ಕೆಡುತ್ತದೆ.

1957: ಕ್ಯಾಸನೂರಿನ ಕಾಡು

ಕ್ಲೆಮೆಂಟ್ಸ್ ಶ್ವಾಸಕೋಶದ ರಸವನ್ನು ಅಳೆಯುತ್ತಿದ್ದ ಅದೇ 1957ರಲ್ಲಿ, ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರದಿಂದ ಮಲಗಿದ್ದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿರುವ ಸುದ್ದಿ ಪುಣೆಯ ವೈರಸ್ ಸಂಶೋಧನ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಸ್ಥಾಪಿಸಿದ್ದ ಸಂಸ್ಥೆ ಅದು. ದಕ್ಷಿಣ ಅಮೆರಿಕದಲ್ಲಿ ಮಂಗಗಳು ಹೀಗೆ ಸಾಯುವುದು ಹಳದಿ ಜ್ವರದಿಂದ. ಭಾರತದಲ್ಲಿ ಆ ರೋಗವಿರಲಿಲ್ಲ. ಅದು ಬಂದಿದ್ದರೆ ಅನಾಹುತವೇ ಆಗುತ್ತಿತ್ತು.

ಕೇಂದ್ರದ ನಿರ್ದೇಶಕರಾಗಿದ್ದ ಟೆಲ್‌ಫೋರ್ಡ್ ವರ್ಕ್, ಪ್ರಾಣಿ ಮತ್ತು ಕೀಟಗಳ ಅಧ್ಯಯನದಲ್ಲಿ ನುರಿತ ಹೆರಾಲ್ಡ್ ಟ್ರಾಪಿಡೊ ಹಾಗೂ ಭಾರತೀಯ ಸಂಶೋಧಕರ ತಂಡ ಕಾಡಿಗಿಳಿಯಿತು. ಮಾರ್ಚ್ ತಿಂಗಳಲ್ಲಿಯೇ ವೈರಸ್ಸನ್ನು ಬೇರ್ಪಡಿಸಲಾಯಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ಉಣುಗುಗಳಿಂದ ಹರಡುವ, ರಷ್ಯದಲ್ಲಿ ಮಿದುಳಿನ ಉರಿಯೂತ ತರುವ ವೈರಸ್ಸಿನ ಬಳಗಕ್ಕೆ ಸೇರಿದ ಹೊಸ ವೈರಸ್ ಆಗಿತ್ತು. ಇದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಾಯಿತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಇದರ ಮುಖ್ಯ ವಾಹಕವೆಂದು ಗೊತ್ತಾಯಿತು. ಸಾಗರದಲ್ಲಿ ಕೇಂದ್ರದ ಕ್ಷೇತ್ರ ಠಾಣೆಯೊಂದು ಆರಂಭವಾಗಿ, ಉಣುಗು, ಮಂಗ, ಇಲಿ, ಹಕ್ಕಿ ಇವುಗಳ ಅಧ್ಯಯನ ಅಲ್ಲಿಂದ ನಡೆಯಿತು.

ಶವಪರೀಕ್ಷೆ ಹೇಳಿದ್ದೇನು?

ಉಣುಗಿನ ಮರಿ ಎಳ್ಳುಕಾಳಿಗಿಂತ ದೊಡ್ಡದಲ್ಲ. ದರಗು ಗುಡಿಸುವವರ, ಸೊಪ್ಪು ಕಡಿಯುವವರ, ಸೌದೆ ತರುವವರ, ದನ ಮೇಯಿಸುವವರ ಮೈಗೆ ಅದು ಹತ್ತಿ ಕಚ್ಚುತ್ತದೆ. ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಳ್ಳುತ್ತವೆ. ರಕ್ತದಲ್ಲಿ ಬಿಳಿಯ ಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ಕೆಲವರಿಗೆ ಕೆಮ್ಮು ಹತ್ತಿ ಕಫದಲ್ಲಿ ರಕ್ತ ಕಾಣಿಸುತ್ತದೆ. ರೋಗ ತಗುಲಿದ ನೂರು ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆ.

ಸಾಯುವುದು ಏಕೆ? ಇದನ್ನು ತಿಳಿಯಲು ಶವಪರೀಕ್ಷೆಯೇ ಬೇಕು. ಈ ಕಾಯಿಲೆಯಿಂದ ಸತ್ತ ಮೂವರ ಅಂಗಗಳನ್ನು ಪರೀಕ್ಷಿಸಿದ ರೋಗವಿಜ್ಞಾನಿ ಅಯ್ಯರ್ ಮತ್ತು ಸಂಗಡಿಗರು 1959ರಲ್ಲಿ ವರದಿ ಪ್ರಕಟಿಸಿದರು. ಯಕೃತ್ತು ಮತ್ತು ಮೂತ್ರಪಿಂಡಗಳ ಜೀವಕೋಶಗಳು ನಶಿಸಿದ್ದವು. ಗುಲ್ಮದಲ್ಲಿ ಕೆಂಪು ರಕ್ತಕಣಗಳನ್ನು ನುಂಗುವ ಕಣಗಳು ಹೆಚ್ಚಿದ್ದವು. ಶ್ವಾಸಕೋಶದಲ್ಲಿ ರಕ್ತಸ್ರಾವದಿಂದ ಕೂಡಿದ ಉರಿಯೂತವಿತ್ತು.

ಈ ಕೊನೆಯ ಸಾಲನ್ನು ಮೇಲಿನ ಅಂಗರಚನೆಯೊಂದಿಗೆ ಇಟ್ಟು ಓದಬೇಕು. ಸಾಮಾನ್ಯ ನ್ಯುಮೋನಿಯದಲ್ಲಿ ರೋಗಾಣು ಗಾಳಿಯ ಬಾಗಿಲಿನಿಂದ ಇಳಿದು ಗಾಳಿಗೂಡನ್ನು ಮುಟ್ಟುತ್ತದೆ. ಮಂಗನ ಕಾಯಿಲೆಯಲ್ಲಿ ಹಾಗಲ್ಲ. ವೈರಸ್ ಚರ್ಮದಿಂದ ರಕ್ತಕ್ಕೆ ಸೇರಿ, ಬಲ ಹೃದಯದಿಂದ ಪುಪ್ಪುಸ ಧಮನಿಯ ಮೂಲಕ ಲೋಮನಾಳದ ಬಲೆಗೆ ಬರುತ್ತದೆ. ಅದರ ಗಾತ್ರ ಸುಮಾರು 50 ನ್ಯಾನೋಮೀಟರ್. ಗೋಡೆಯ ತೀರ ತೆಳುವಾದ ಭಾಗದ ದಪ್ಪವೆಂದರೆ ಅಂತಹ ಐದಾರು ವೈರಸ್‌ಗಳನ್ನು ಸಾಲಾಗಿ ಜೋಡಿಸಿದಷ್ಟು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿದು, ಉರಿಯೂತದಿಂದ ನಾಳಗಳು ಸೋರತೊಡಗಿದಾಗ ಮೊದಲು ನೀರು, ಆಮೇಲೆ ಪ್ರೋಟೀನು, ಕೊನೆಗೆ ರಕ್ತಕಣಗಳೇ ಗಾಳಿಗೂಡಿಗೆ ಇಳಿಯುತ್ತವೆ. ಪ್ರೋಟೀನು ಹೊರಗೆ ಬಂದರೆ ನೀರನ್ನು ನಾಳದೊಳಗೆ ಹಿಡಿದಿಡುವ ಸ್ಟಾರ್ಲಿಂಗನ ಬಲವೂ ಕುಗ್ಗುತ್ತದೆ. ಬಸಿಗಾಲುವೆ ಸಾಲದಾಗುತ್ತದೆ. ಗಾಳಿ ಬರುತ್ತಲೇ ಇರುತ್ತದೆ, ಆದರೆ ಆಮ್ಲಜನಕ ರಕ್ತಕ್ಕೆ ದಾಟದು. ಮಾಲ್ಪೀಗಿ ಕಪ್ಪೆಯಲ್ಲಿ ಕಂಡ ಬಲೆ, ಲೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಪದರ, ಕ್ಲೆಮೆಂಟ್ಸ್ ಅಳೆದ ಲೇಪ ಮೂರೂ ಅಲ್ಲಿ ಒಟ್ಟಿಗೆ ಸೋಲುತ್ತವೆ.

ಇಂತಹ ರೋಗಿಗೆ ಡ್ರಿಪ್ ಹಾಕುವಾಗಲೂ ವೈದ್ಯರು ಅಳತೆ ನೋಡುವುದು ಇದಕ್ಕಾಗಿಯೇ. ದ್ರವ ಕಡಿಮೆಯಾದರೆ ರಕ್ತದೊತ್ತಡ ಕುಸಿಯುತ್ತದೆ, ಹೆಚ್ಚಾದರೆ ಸೋರುವ ಶ್ವಾಸಕೋಶ ತುಂಬುತ್ತದೆ. ಮೈನೋವಿಗೆಂದು ಆಸ್ಪಿರಿನ್ ನುಂಗಬಾರದೆನ್ನುವುದೂ ಇದಕ್ಕೆ ಸಂಬಂಧಿಸಿದ್ದು, ಅದು ಪ್ಲೇಟ್‌ಲೆಟ್‌ಗಳ ಕೆಲಸವನ್ನು ಮತ್ತಷ್ಟು ತಡೆಯುತ್ತದೆ.

ಪ್ರಯೋಗಾಲಯದಲ್ಲಿ ತೆರೆದ ಬಾಗಿಲು

ಈ ವೈರಸ್ಸಿಗೆ ಗಾಳಿಯ ಬಾಗಿಲು ಗೊತ್ತೇ ಇಲ್ಲವೆ? ಹಾಗೆ ಹೇಳುವಂತಿಲ್ಲ. ಕಾಡಿಗೆ ಕಾಲಿಡದೆ, ಉಣುಗು ಕಚ್ಚಿಸಿಕೊಳ್ಳದೆ ಪ್ರಯೋಗಾಲಯದಲ್ಲಿ ವೈರಸ್ಸಿನೊಂದಿಗೆ ಕೆಲಸ ಮಾಡಿದ ಅನೇಕರಿಗೆ ಈ ಕಾಯಿಲೆ ಬಂದಿತು. ಭಾರತದಲ್ಲಷ್ಟೇ ಅಲ್ಲ, ಅಮೆರಿಕದಲ್ಲೂ ಬಂದಿತು. ವೈರಸ್ ತುಂಬಿದ ದ್ರವವನ್ನು ಅರೆಯುವಾಗ, ಸುರಿಯುವಾಗ ಏಳುವ ಕಣ್ಣಿಗೆ ಕಾಣದ ತುಂತುರು ಉಸಿರಿನೊಂದಿಗೆ ಒಳಹೋಗಬಲ್ಲದು ಎಂಬುದು ಈ ಪ್ರಸಂಗಗಳಿಂದ ತಿಳಿದ ಪಾಠ. ಹೀಗಾಗಿ ಈ ವೈರಸ್ಸನ್ನು ಅತಿ ಹೆಚ್ಚಿನ ಸುರಕ್ಷತೆಯಲ್ಲಿ ನಿಭಾಯಿಸಬೇಕಾದ ರೋಗಾಣುಗಳ ಪಟ್ಟಿಗೆ ಸೇರಿಸಲಾಗಿದೆ. ಪುಣೆಯ ಕೇಂದ್ರ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರು ಪಡೆಯಿತು. ಅಲ್ಲಿ ನಾಲ್ಕನೆಯ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ 2012ರಲ್ಲಿ ಆರಂಭವಾಯಿತು.

ಆದರೆ ಪ್ರಯೋಗಾಲಯದ ಈ ಮಾತನ್ನು ಊರಿಗೆ ಅನ್ವಯಿಸಬಾರದು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಉಸಿರಿನ ಮೂಲಕ ಹರಡುವುದು ಕಂಡಿಲ್ಲ. ರೋಗಿಯ ಹಾಸಿಗೆಯ ಪಕ್ಕ ಕುಳಿತವರು ಹೆದರಬೇಕಾಗಿಲ್ಲ. ಸತ್ತ ಮಂಗದ ಬಳಿ ಅಪಾಯವಿರುವುದು ಅದರ ವಾಸನೆಯಲ್ಲಿ ಅಲ್ಲ, ಅದರ ಮೈಯಿಂದ ಇಳಿದು ನೆಲದಲ್ಲಿ ಹರಡಿಕೊಂಡ ಉಣುಗುಗಳಲ್ಲಿ.

ಕಾಡಿನಂಚಿನ ಮೂರು ತಾಲ್ಲೂಕುಗಳು

ಕ್ಯಾಸನೂರಿನ ಸುತ್ತ ಮೊದಲು ಕಂಡ ರೋಗ ನಂತರದ ದಶಕಗಳಲ್ಲಿ ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲೂ ಪಕ್ಕದ ಜಿಲ್ಲೆಗಳಲ್ಲೂ ಕಾಣಿಸಿಕೊಂಡಿತು. 2011ರ ಡಿಸೆಂಬರಿನಿಂದ 2012ರ ಮಾರ್ಚ್‌ವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ 215 ಶಂಕಿತ ಪ್ರಕರಣಗಳು ದಾಖಲಾಗಿ, ಅವುಗಳಲ್ಲಿ 61 ದೃಢಪಟ್ಟವು. 2018-19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾವುಗಳಾದವು. ಈ ನಡುವೆ ಕೇರಳ, ತಮಿಳುನಾಡು, ಗೋವ, ಮಹಾರಾಷ್ಟ್ರಗಳ ಕಾಡುಗಳಲ್ಲೂ ರೋಗ ಪತ್ತೆಯಾಯಿತು.

ಲಸಿಕೆಯ ಇತಿಹಾಸವನ್ನೂ ಹೇಳಬೇಕು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆ 1990ರಿಂದ ಬಳಕೆಯಲ್ಲಿತ್ತು. 2005ರಿಂದ 2010ರವರೆಗಿನ ಮಾಹಿತಿಯ ಪ್ರಕಾರ ಎರಡು ಚುಚ್ಚುಮದ್ದು ಪಡೆದವರಲ್ಲಿ ಅದರ ರಕ್ಷಣೆ ಶೇ. 62ರಷ್ಟು, ಬೂಸ್ಟರನ್ನೂ ಪಡೆದವರಲ್ಲಿ ಶೇ. 83ರಷ್ಟು. ಗುಣಮಟ್ಟದ ಪರೀಕ್ಷೆಯಲ್ಲಿ ನಿಲ್ಲದ ಕಾರಣ 2022ರಲ್ಲಿ ಇದರ ಬಳಕೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಆಶ್ರಯದಲ್ಲಿ ಹೊಸ ಲಸಿಕೆಯ ಕೆಲಸ ನಡೆದಿದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲದಿರುವಾಗ ಉಣುಗು ಕಚ್ಚದಂತೆ ನೋಡಿಕೊಳ್ಳುವುದು, ಜ್ವರ ಬಂದ ಕೂಡಲೇ ರಕ್ತಪರೀಕ್ಷೆ ಮಾಡಿಸುವುದು ಇವೆರಡೇ ಉಳಿಯುವ ದಾರಿ. ಹಿಂದೆ ವೈರಸ್ಸನ್ನು ಇಲಿಮರಿಗಳಲ್ಲಿ ಬೆಳೆಸಿ ಗುರುತಿಸಲು ದಿನಗಟ್ಟಲೆ ಕಾಯಬೇಕಾಗಿತ್ತು. ಈಗ ಜ್ವರದ ಮೊದಲ ದಿನಗಳಲ್ಲಿಯೇ ಪಿಸಿಆರ್ ಪರೀಕ್ಷೆಯಿಂದ ತಿಳಿಯಬಹುದು.

ಇಲ್ಲಿಯೇ ಪಾಠದ ಕೊಠಡಿಗೆ ಕೆಲಸವಿರುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಲೆನಾಡಿನಲ್ಲಿ ಅಡಿಕೆಯ ಕೊಯ್ಲು, ದರಗಿನ ಕೆಲಸ, ಸೌದೆಯ ಕೆಲಸ ನಡೆಯುತ್ತಿರುತ್ತವೆ. ಉಣುಗಿನ ಮರಿಗಳು ಹೆಚ್ಚಾಗಿರುವುದೂ ಆಗಲೇ. ಆ ದಿನಗಳಲ್ಲಿ ಜ್ವರದೊಂದಿಗೆ ಕೆಮ್ಮು ಬಂದರೆ ಚಳಿಗಾಲದ ಶೀತವೆಂದು ಮನೆಯಲ್ಲಿ ಕಷಾಯ ಕುಡಿದು ಮಲಗುವುದು ಸಹಜ. ಶ್ವಾಸಕೋಶವೆಂದರೆ ಗಾಳಿಯ ಚೀಲ ಎಂದಷ್ಟೇ ತಿಳಿದವರಿಗೆ ಕೆಮ್ಮಿನ ಕಾರಣ ಗಾಳಿಯಲ್ಲೇ ಇರಬೇಕು ಅನ್ನಿಸುತ್ತದೆ. ಅದಕ್ಕೆ ರಕ್ತದ ಬಾಗಿಲೂ ಇದೆಯೆಂದು ತಿಳಿದ ಮಗು ಮಾತ್ರ ಮನೆಯಲ್ಲಿ ಇನ್ನೊಂದು ಪ್ರಶ್ನೆ ಕೇಳೀತು: "ಅಜ್ಜಾ, ಹೋದ ವಾರ ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ?" ಆ ಒಂದು ಪ್ರಶ್ನೆಯಿಂದ ಎರಡು ದಿನ ಮೊದಲೇ ಆಸ್ಪತ್ರೆ ಸೇರಿದರೆ ಒಂದು ಜೀವ ಉಳಿದೀತು.

ಶಿಕ್ಷಕರು ಮುಂದಿನ ಬಾರಿ ಶ್ವಾಸಕೋಶದ ಪಾಠ ಮಾಡುವಾಗ ಒಂದು ಸಣ್ಣ ಬದಲಾವಣೆ ಮಾಡಿ ನೋಡಬಹುದು. ಕಪ್ಪುಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಿಂದ ಗಾಳಿಯ ದಾರಿ ಬರೆಯಿರಿ. ಆಮೇಲೆ ನೀಲಿಯಲ್ಲಿ ಬಲ ಹೃದಯದಿಂದ ಬರುವ ನಾಳವನ್ನು, ಕೆಂಪಿನಲ್ಲಿ ಎಡ ಹೃದಯಕ್ಕೆ ಹೋಗುವ ನಾಳವನ್ನು ಬರೆದು, ಎರಡನ್ನೂ ಗಾಳಿಗೂಡಿನ ಸುತ್ತ ಬಲೆಯಾಗಿ ಕೂಡಿಸಿ. ನಂತರ ಚಿತ್ರದ ಕೆಳಗೆ ಒಂದು ಕಾಲು, ಕಾಲಿನ ಮೇಲೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಗಾಳಿಗೂಡಿನವರೆಗೆ ದಾರಿ ತೋರಿಸುವಂತೆ ಮಕ್ಕಳನ್ನೇ ಕೇಳಿ.